ಅಪ್ಪನ ನಾಲಿಗೆ, ನನ್ನ ದುರ್ಬೀನು

ನಮ್ಮ ಕಡೆ ಹೆಣ್ಣು ನೋಡಲು ಬಂದವರು ಮೊದಲು ಹುಡುಗಿ ಏನು ಓದಿದ್ದಾಳೆ ಎಂದು ಕೇಳುತ್ತಾರೆ, ಆಮೇಲೆ ಏನು ಕೆಲಸ ಮಾಡುತ್ತಾಳೆ ಎಂದು. ಮೊದಲನೆಯದಕ್ಕೆ ನಮ್ಮವ್ವ "ಬಿಎಸ್ಸಿ" ಎಂದು ಠೀವಿಯಿಂದ ಹೇಳುತ್ತಿದ್ದಳು. ಎರಡನೆಯದಕ್ಕೆ ಬಂದಾಗ ಸೆರಗು ಸರಿಮಾಡಿಕೊಂಡು, "ಸಕ್ಕರಿ ಫ್ಯಾಕ್ಟರ್ಯಾಗ ಕಬ್ಬಿನ ಹಾಲಿನ ಒಳಗ ಬೆಳಕ ನೋಡ್ತಾಳ್ರಿ" ಎನ್ನುತ್ತಿದ್ದಳು. ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದು ಹೋಗುತ್ತಿದ್ದರು. ಬೆಳಕು ನೋಡುವ ಸೊಸೆಯ ವಿಷಯದಲ್ಲಿ ಅವರಿಗೂ ಸ್ವಲ್ಪ ವಿಚಾರ ಮಾಡುವುದಿತ್ತು.

ಅವ್ವ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಥಣಿಗೂ ಕಾಗವಾಡಕ್ಕೂ ನಡುವೆ ಇರುವ ಒಂದು ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ನನ್ನ ಮೇಜಿನ ಮೇಲೆ ಒಂದು ಪೋಲಾರಿಮೀಟರ್ ಇತ್ತು. ಅದರ ಒಂದು ತುದಿಯಲ್ಲಿ ಹಳದಿ ಸೋಡಿಯಂ ದೀಪ, ಇನ್ನೊಂದು ತುದಿಯಲ್ಲಿ ಕಣ್ಣಿಡುವ ಕಿಂಡಿ, ನಡುವೆ ಕಬ್ಬಿನ ಹಾಲು ತುಂಬಿದ ಗಾಜಿನ ಕೊಳವೆ. ಕಿಂಡಿಯಲ್ಲಿ ನೋಡಿದರೆ ಒಂದು ದುಂಡನೆಯ ಬೆಳಕು ಕಾಣುತ್ತದೆ, ನಡುವೆ ಗೆರೆ ಎಳೆದು ಎರಡು ಹೋಳು ಮಾಡಿದಂತೆ. ಒಂದು ಹೋಳು ತಿಳಿ, ಇನ್ನೊಂದು ಮಬ್ಬು. ಗುಂಡಿ ತಿರುಗಿಸುತ್ತ ಎರಡನ್ನೂ ಸಮ ಮಾಡಬೇಕು. ಸಮವಾದ ಜಾಗದಲ್ಲಿ ಅಳತೆಯ ಪಟ್ಟಿ ಓದಿದರೆ ರಸದಲ್ಲಿ ಸಕ್ಕರೆ ಎಷ್ಟಿದೆ ಎಂದು ತಿಳಿಯುತ್ತದೆ. ಅದಕ್ಕೆ ಕಾರ್ಖಾನೆಯವರು ಪೋಲ್ ಎನ್ನುತ್ತಾರೆ. ನಮ್ಮಪ್ಪ ಮಾತ್ರ ಆ ಯಂತ್ರಕ್ಕೆ ದುರ್ಬೀನು ಎಂದು ಹೆಸರಿಟ್ಟಿದ್ದ, ಅದೂ ನೋಡದೆಯೇ.

ಬೆಳಕು ಹೇಗೆ ತಿರುಗುತ್ತದೆ ಎಂಬುದು ನನ್ನ ತಲೆಗೂ ಸುಲಭಕ್ಕೆ ಹೋಗಿರಲಿಲ್ಲ. ಚಿಕ್ಕೋಡಿಯ ಕಾಲೇಜಿನಲ್ಲಿ ಫಿಸಿಕ್ಸ್ ಸರ್ ಬೋರ್ಡಿನ ಮೇಲೆ ಒಂದು ಅಲೆ ಬರೆದು, ಅದರ ಮೇಲೆ ಬಾಣ ಬರೆದು, ಬಾಣದ ಮೇಲೆ ಇನ್ನೊಂದು ಬಾಣ ಬರೆದು, "ಕಣ್ಣ ಮುಚ್ಚಿ ಕಲ್ಪಿಸ್ಕೊಳ್ರಿ" ಎನ್ನುತ್ತಿದ್ದರು. ಮಧ್ಯಾಹ್ನ ಬುತ್ತಿ ಉಂಡ ಮೇಲಿನ ತಾಸು ಅದು. ಕಣ್ಣು ಮುಚ್ಚುವ ಭಾಗವನ್ನು ಇಡೀ ತರಗತಿ ಬಹಳ ಶ್ರದ್ಧೆಯಿಂದ ಮಾಡುತ್ತಿತ್ತು.

ನನಗೆ ಅದು ಕಣ್ಣಿಗೆ ಕಟ್ಟಿದ್ದು ರಾಯಬಾಗದ ಬಸ್ಸಿನಲ್ಲಿ. ಒಬ್ಬ ಮುದುಕ ಮೊಮ್ಮಕ್ಕಳಿಗೆಂದು ಉದ್ದನೆಯ ಕಬ್ಬೊಂದನ್ನು ಹಿಡಿದು ಹತ್ತಲು ಬಂದ. ಅಡ್ಡ ಹಿಡಿದರೆ ಬಾಗಿಲು ಒಳಗೆ ಬಿಡಲಿಲ್ಲ, ನೆಟ್ಟಗೆ ಹಿಡಿದಾಗ ಬಿಟ್ಟಿತು. ಬೆಳಕೂ ಎಲ್ಲ ದಿಕ್ಕಿಗೆ ಅಲುಗುತ್ತ ಬರುತ್ತದೆ, ಯಂತ್ರದ ಮೊದಲ ಗಾಜು ಒಂದೇ ದಿಕ್ಕಿಗೆ ಅಲುಗುವುದನ್ನಷ್ಟೇ ಒಳಗೆ ಬಿಡುತ್ತದೆ. ಧ್ರುವೀಕರಣ ಎಂಬ ದೊಡ್ಡ ಮಾತಿನ ಅರ್ಥ ಇಷ್ಟೇ. ಮುಂದಿನದು ಬಸ್ಸಿನ ಒಳಗೆ. ಕಾಲಿಡಲು ಜಾಗವಿರಲಿಲ್ಲ. ಮುದುಕ ಮುಂದೆ ಸರಿಯುವಷ್ಟರಲ್ಲಿ ಮಂದಿ ಒಬ್ಬೊಬ್ಬರೂ ಅವನ ಹೆಗಲಿಗೆ ಒಂದೊಂದು ನೂಕು ಕೊಟ್ಟು, ನೆಟ್ಟಗಿದ್ದ ಕಬ್ಬು ಸ್ವಲ್ಪ ಸ್ವಲ್ಪವೇ ಬಲಕ್ಕೆ ವಾಲಿತು. ಮಂದಿ ಹೆಚ್ಚಾದಷ್ಟೂ, ಬಸ್ಸು ಉದ್ದವಾದಷ್ಟೂ ವಾಲುವುದು ಹೆಚ್ಚು. ಸಕ್ಕರೆಯ ಕಣಗಳು ಕೊಳವೆಯೊಳಗೆ ಬೆಳಕಿಗೆ ಮಾಡುವುದು ಇದನ್ನೇ. ಕೊಳವೆ ಎಷ್ಟುದ್ದ ಎಂದು ಗೊತ್ತಿರುತ್ತದೆ, ಬೆಳಕು ಎಷ್ಟು ತಿರುಗಿತು ಎಂದು ಅಳೆದುಬಿಟ್ಟರೆ ಒಳಗೆ ಎಷ್ಟು ಮಂದಿ ಇದ್ದಾರೆಂದು ಕಂಡಕ್ಟರನನ್ನು ಕೇಳಬೇಕಾಗಿಲ್ಲ. ಆ ಮುದುಕನ ಕಬ್ಬು ನನ್ನ ಹಣೆಗೆ ಬಡಿದದ್ದರಿಂದ ಈ ಪಾಠ ಇನ್ನೂ ಗಟ್ಟಿಯಾಗಿ ಕುಳಿತಿತು.

ನಮ್ಮ ಊರಲ್ಲಿ ಇದೇ ಕೆಲಸವನ್ನು ದುರ್ಬೀನು ಇಲ್ಲದೆ ಮಾಡುವವನು ನಮ್ಮಪ್ಪ. ಊರು ಕಾಗವಾಡದ ಕಡೆಗಿದೆ, ಎತ್ತ ನೋಡಿದರೂ ಕಬ್ಬು, ನಡುನಡುವೆ ದ್ರಾಕ್ಷಿ. ದೀಪಾವಳಿ ಮುಗಿದು ಕಬ್ಬು ಕಡಿಯುವ ಟೋಳಿಗಳು ಬಂದಿಳಿಯುವ ಹೊತ್ತಿಗೆ ಜನ ಅಪ್ಪನನ್ನು ತಮ್ಮ ತಮ್ಮ ಫಡಕ್ಕೆ, ಎಂದರೆ ಕಬ್ಬಿನ ಹೊಲಕ್ಕೆ, ಕರೆಯುತ್ತಿದ್ದರು. ಅಪ್ಪ ಧೋತರ ಎತ್ತಿ ಕಟ್ಟಿ ಸಾಲಿನೊಳಗೆ ನುಗ್ಗಿ, ಒಂದು ಕಬ್ಬು ಮುರಿದು, ಬುಡದ್ದೊಂದು ತುಂಡು, ನಡುವಿನದೊಂದು, ತುದಿಯದೊಂದು ಅಗಿದು, ಸಿಪ್ಪೆ ಉಗುಳಿ, ಸ್ವಲ್ಪ ಹೊತ್ತು ಆಕಾಶ ನೋಡುತ್ತಿದ್ದ. ಆಕಾಶದಲ್ಲಿ ಏನೂ ಇರುತ್ತಿರಲಿಲ್ಲ. ಅದು ಬರೀ ನಾಟಕವೆಂದು ಅವ್ವನಿಗೂ ನನಗೂ ಗೊತ್ತಿತ್ತು. ಆಮೇಲೆ "ಕಡೀರಿ" ಎಂದರೆ ಕಡಿಯುತ್ತಿದ್ದರು, "ನಿಂದರ್ರಿ" ಎಂದರೆ ನಿಲ್ಲುತ್ತಿದ್ದರು. ತುದಿಯೂ ಬುಡದಷ್ಟೇ ಸಿಹಿಯಾದರೆ ಕಬ್ಬು ಹಣ್ಣಾಯಿತು ಎಂಬುದು ಅವನ ಲೆಕ್ಕ. ನಮ್ಮ ಪುಸ್ತಕದ ಲೆಕ್ಕವೂ ಅದೇ. ನೂರಾರು ಎಕರೆಯ ಜಮೀನುದಾರರಿರುವ ಊರಲ್ಲಿ ತುಂಡು ಹೊಲದ ರೈತನೊಬ್ಬನ ಮಾತಿಗೆ ಬೆಲೆ ಬಂದಿದ್ದು ಆ ನಾಲಿಗೆಯಿಂದ. ಅದಿಲ್ಲವೆಂದರೆ ಅವನು ಹತ್ತರಲ್ಲಿ ಹನ್ನೊಂದನೆಯವನು.

ಚಿಕೂನ್‌ಗುನ್ಯಾ ಜ್ವರ ಮನೆಮನೆಗೂ ಬಂದು ಎಲ್ಲರನ್ನೂ ಕುಂಟಿಸಿ ಹೋದ ಮುಂದಿನ ಹಂಗಾಮು ಅದು. ಯಾರ ಕಬ್ಬನ್ನು ಮೊದಲು ಕಡಿಯಬೇಕೆಂಬುದನ್ನು ಇನ್ನು ಪ್ರಯೋಗಾಲಯದ ಪರೀಕ್ಷೆಯಿಂದಲೇ ನಿರ್ಧರಿಸುತ್ತೇವೆ ಎಂದು ಕಾರ್ಖಾನೆ ಹೇಳಿತು. ಊರಲ್ಲಿ ಎರಡು ಪಕ್ಷವಾಯಿತು. ಅಪ್ಪನ ನಾಲಿಗೆ ಇರುವಾಗ ಮಗಳ ದುರ್ಬೀನು ಏಕೆ ಎಂದು ಹಿರಿಯರು, ಕಾಲ ಬದಲಾಗಿದೆ ಎಂದು ಮೊಬೈಲು ಹಿಡಿದವರು. ಕಟ್ಟೆಯ ಮೇಲೆ ಈ ವಾದ ನಡೆದಾಗ ನಾನು ಎರಡೂ ಪಕ್ಷದವರಿಗೆ ಬೇಡವಾದವಳು.

ಕೊನೆಗೆ ದಾರಿ ತೋರಿಸಿದವರು ಪಕ್ಕದ ಹೊಲದ ಕಾಕಾ. ಅವರು ಜೈನರು. ನಮ್ಮ ಹೊಲಕ್ಕೂ ಅವರ ಹೊಲಕ್ಕೂ ಒಂದೇ ಬದು, ಅಪ್ಪನಿಗೂ ಅವರಿಗೂ ಚಡ್ಡಿ ಹಾಕಿಕೊಳ್ಳುವ ಕಾಲದ ದೋಸ್ತಿ. ದಿನಕ್ಕೊಮ್ಮೆ ಜಗಳವಾಡದಿದ್ದರೆ ಇಬ್ಬರಿಗೂ ಉಂಡದ್ದು ಕರಗುತ್ತಿರಲಿಲ್ಲ.

"ನನ್ನ ಫಡಾನ ಪರೀಕ್ಷಾಕ್ಕ ಇಡೂಣು," ಎಂದರು ಕಾಕಾ ಅಪ್ಪನಿಗೆ. "ನೀ ಅಗದ ಹೇಳು. ಆಮ್ಯಾಲ ತಂಗಿ ತನ್ನ ಮಿಷನ್ನಿನ್ಯಾಗ ನೋಡ್ಲಿ. ಎರಡೂ ಕೂಡಿದ್ರ ನಿನ್ನ ಮಾತ ಖರೆ. ಕೂಡಲಿಲ್ಲಂದ್ರ ಇನ್ನ ಮುಂದ ನಿನ್ನ ಯಾರೂ ಫಡಕ್ಕ ಕರಿಯೂದಿಲ್ಲ, ನೋಡಪಾ."

"ಆತು," ಎಂದ ಅಪ್ಪ. ಎಂದೂ ಅಷ್ಟು ಬೇಗ ಒಪ್ಪಿದವನಲ್ಲ.

ಮರುದಿನ ಎಲ್ಲರೆದುರು ಕಾಕಾನ ಫಡದಲ್ಲಿ ಕಬ್ಬು ಅಗಿದು, ಆಕಾಶವನ್ನು ಎಂದಿಗಿಂತ ಹೆಚ್ಚು ಹೊತ್ತು ನೋಡಿ, "ಕಡೀರಿ" ಎಂದನಂತೆ. ಕಬ್ಬು ಕಳಿಸಿ, ಪ್ರಯೋಗಾಲಯದಲ್ಲೇ ಸಣ್ಣ ಗಾಣವಿದೆ, ಹಿಂಡಿಕೊಳ್ಳುತ್ತೇನೆ ಎಂದು ನಾನು ಹೇಳಿದ್ದೆ. ಊರವರು ಒಪ್ಪಲಿಲ್ಲ. ಮಗಳು ಅಪ್ಪನ ಮರ್ಯಾದೆ ಉಳಿಸಲು ಕಬ್ಬು ಬದಲಿಸಿದರೆ? ಆದ್ದರಿಂದ ಊರ ಮುಂದಿನ ಕಬ್ಬಿನ ಹಾಲಿನ ಗಾಡಿಯಲ್ಲಿ ಎಲ್ಲರ ಕಣ್ಣೆದುರು ಹಿಂಡಿಸಬೇಕೆಂದಾಯಿತು. "ಲಿಂಬಿಹಣ್ಣ ಬ್ಯಾಡ, ಶುಂಠಿ ಬ್ಯಾಡ, ಬರ್ಫ ಬ್ಯಾಡ," ಎಂದು ನಾನು ಬಾಯಿಪಾಠ ಮಾಡಿಸಿ ಕಳಿಸಿದೆ. ಅದನ್ನೆಲ್ಲ ಅವರು ಚಾಚೂ ತಪ್ಪದೆ ಪಾಲಿಸಿದರು. ಆಮೇಲೆ, ನನ್ನ ಮೇಲೆ ಅಷ್ಟೊಂದು ಸಂಶಯಪಟ್ಟ ಆ ಜಾಣರೆಲ್ಲ ಸೇರಿ ಸೀಸೆಯನ್ನು ಅಪ್ಪನ ಕೈಗೇ ಕೊಟ್ಟರು.

ಅಪ್ಪ "ಅಂಗಿ ಬದಲ ಮಾಡಿ ಬರ್ತೀನಿ" ಎಂದು ಮನೆಗೆ ಹೋಗಿ, ಆಮೇಲೆ ಕಾಕಾನ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಕಾರ್ಖಾನೆಗೆ ಬಂದ. ಒಂದು ಕೈಯಲ್ಲಿ ಸೀಸೆ, ಇನ್ನೊಂದು ಕೈಯಲ್ಲಿ ಕಬ್ಬಿನ ಎರಡು ಕಟ್ಟು. ಒಂದು ಕಾಕಾನ ಅದೇ ಫಡದ್ದು, ಇನ್ನೊಂದು ನಮ್ಮ ಹೊಲದ್ದು.

"ಸಕ್ಕರಿ ಫ್ಯಾಕ್ಟರಿಗಿ ಕಬ್ಬ ಹೊತಗೊಂಡ ಬಂದೀರಿ? ಹೊರಗ ಟ್ರ್ಯಾಕ್ಟರ್ ಪಾಳಿ ಹಚ್ಚ್ಯಾವ, ಅಲ್ಲಿ ಹೋಗಿ ನಿಂದರ್ರಿ," ಎಂದೆ.

"ಮಗಳಿದ್ದಲ್ಲಿ ಬರಿಗೈಲೆ ಬರ್ತಾರೇನ ತಂಗಿ?" ಎಂದರು ಕಾಕಾ. "ನಿನ್ನ ಕೂಡ ಕೆಲಸಾ ಮಾಡೂ ಮಂದಿಗಿ ಕೊಡು. ನನ್ನವ ಮೊದಲ ಕೊಡು, ಇಂವಂದ ತಿಂದ ಮ್ಯಾಲ ನನ್ನವ ಸೇರೂದಿಲ್ಲ ಅಂತಾನ ಇಂವಾ, ಹಂಗ ಆಗಬಾರದು."

ಇಬ್ಬರನ್ನೂ ಹೊರಗೆ ಬೇವಿನ ಮರದ ಕೆಳಗೆ ಕೂರಿಸಿ, ಸೀಸೆಯನ್ನೂ ಕಟ್ಟುಗಳನ್ನೂ ತೆಗೆದುಕೊಂಡು ಒಳಗೆ ಬಂದೆ. ಮೊದಲು ಬ್ರಿಕ್ಸ್ ನೋಡಬೇಕು, ಎಂದರೆ ರಸದಲ್ಲಿ ಕರಗಿದ್ದೆಲ್ಲ ಸೇರಿ ಎಷ್ಟು ಎಂದು. ಅಳೆಯುವ ಗಾಜಿನ ತೇಲುಬುರುಡೆಯನ್ನು ಬಿಟ್ಟರೆ ಅದು ಮುಳುಗುವುದಕ್ಕೇ ಒಲ್ಲೆನೆಂದು ಎದ್ದು ನಿಂತಿತು. ದೊಡ್ಡ ಅಳತೆಯದನ್ನು ತಂದು ಬಿಟ್ಟೆ. ಇಪ್ಪತ್ತೇಳು! ಹೊಲದಲ್ಲಿ ನಿಂತ ಕಬ್ಬು ನಮ್ಮ ಕಡೆ ಇಪ್ಪತ್ತು ಮುಟ್ಟಿದರೆ ರೈತ ಪೇಢೆ ಹಂಚುತ್ತಾನೆ. ಅಪ್ಪ ಗೆದ್ದ ಎಂದು ಒಂದು ಕ್ಷಣ ಹಿಗ್ಗಿದೆ. ಸ್ವಲ್ಪ ರಸಕ್ಕೆ ಸೀಸದ ಪುಡಿ ಹಾಕಿ ಕಲಕಿ, ಸೋಸಿ, ತಿಳಿಯಾದದ್ದನ್ನು ಕೊಳವೆಗೆ ತುಂಬಿ ಕಿಂಡಿಗೆ ಕಣ್ಣಿಟ್ಟೆ. ಗುಂಡಿ ತಿರುಗಿಸಿದೆ. ಎರಡು ಹೋಳು ಸಮವಾದ ಮೇಲೆ ಪಟ್ಟಿ ಓದಿದೆ. ಬ್ರಿಕ್ಸ್ ಇಪ್ಪತ್ತೇಳಾದರೆ ಪೋಲ್ ಇಪ್ಪತ್ತೆರಡರ ಮೇಲೆ ಇರಬೇಕಿತ್ತು. ಲೆಕ್ಕ ಹಾಕಿದರೆ ಪೋಲ್ ಹದಿಮೂರೂ ಆಗಲಿಲ್ಲ.

ಪೋಲನ್ನು ಬ್ರಿಕ್ಸಿನಿಂದ ಭಾಗಿಸಿದರೆ ರಸದ ಶುದ್ಧತೆ. ಹಣ್ಣಾದ ಕಬ್ಬಿನದು ನೂರಕ್ಕೆ ಎಂಬತ್ತೈದು ದಾಟಬೇಕು. ಇದು ಐವತ್ತೂ ಮುಟ್ಟಲಿಲ್ಲ. ಹಾಗೆ ನೋಡಿದರೆ ಅಪ್ಪ ಕಡಿಯಿರಿ ಎಂದದ್ದು ಕಬ್ಬನ್ನಲ್ಲ, ಹಸಿ ಮೇವನ್ನು. ಕಿಟಕಿಯಿಂದ ನೋಡಿದೆ. ಕಾಕಾ ಏನೋ ವಾದಿಸುತ್ತಿದ್ದರು, ಅಪ್ಪ ಕೇಳುತ್ತಿರಲಿಲ್ಲ, ಪ್ರಯೋಗಾಲಯದ ಬಾಗಿಲನ್ನೇ ನೋಡುತ್ತಿದ್ದ. ಹೊರಗೆ ಹೋಗಿ ಈ ಅಂಕಿ ಹೇಳಿದರೆ ನಾಳೆಯಿಂದ ಅವನನ್ನು ಯಾರೂ ಕರೆಯುವುದಿಲ್ಲ. 

ಆದರೆ ಆ ಇಪ್ಪತ್ತೇಳು ಬಿಡಲಿಲ್ಲ. ಕಾಕಾನ ಫಡದ ಕಟ್ಟಿನಿಂದ ಎರಡು ಕಬ್ಬು ಎಳೆದು ನಮ್ಮ ಸಣ್ಣ ಗಾಣದಲ್ಲಿ ಹಿಂಡಿ ಮತ್ತೆ ನೋಡಿದೆ. ಬ್ರಿಕ್ಸ್ ಹತ್ತೊಂಬತ್ತು, ಪೋಲ್ ಹದಿನಾರರ ಮೇಲೆ, ಶುದ್ಧತೆ ಎಂಬತ್ತಾರು. ಚೆನ್ನಾಗಿ ಹಣ್ಣಾದ ಕಬ್ಬು. ಅಪ್ಪ ಹೇಳಿದ್ದು ಸರಿಯಿತ್ತು. ಎಡವಟ್ಟಾಗಿದ್ದು ಸೀಸೆಯಲ್ಲಿ.

ಸೀಸೆಗೆ ಹೊರಗಿನಿಂದ ಏನೋ ಬಂದಿದೆ. ಸಕ್ಕರೆಯಾಗಿದ್ದರೆ ಬ್ರಿಕ್ಸ್ ಪೋಲ್ ಎರಡೂ ಏರುತ್ತಿದ್ದವು. ಬೆಲ್ಲವಾದರೂ ಪೋಲ್ ಇಳಿಯುತ್ತಿರಲಿಲ್ಲ, ಅದೂ ಬೆಳಕನ್ನು ಬಲಕ್ಕೇ ನೂಕುವ ಜಾತಿ. ಇದು ರಸವನ್ನು ದಪ್ಪ ಮಾಡಿದೆ, ಬೆಳಕನ್ನು ಮಾತ್ರ ಎಡಕ್ಕೆ ಎಳೆದಿದೆ. ತುಂಬಿದ ಬಸ್ಸಿನಲ್ಲಿ ಎಲ್ಲರೂ ಬಲಕ್ಕೆ ನೂಕುವಾಗ ಎಡಕ್ಕೆ ನೂಕುವ ಹಟಮಾರಿ ಯಾರು? ಹಣ್ಣಿನ ಸಕ್ಕರೆ. ಅದು ರಾಶಿಗಟ್ಟಲೆ ಇರುವುದು ಜೇನುತುಪ್ಪದಲ್ಲಿ. ಸೀಸೆಯ ಮುಚ್ಚಳ ತೆಗೆದು ಮೂಸಿದೆ. ಅವ್ವ ಕೆಮ್ಮಿಗೆಂದು ಗೋಡೆಯ ಮಾಡದಲ್ಲಿ ಇಟ್ಟ ಜೇನಿನ ವಾಸನೆ ಘಮ್ಮೆಂದು ಬಂತು.

ನನಗೆ ನಗು ತಡೆಯಲಾಗಲಿಲ್ಲ. ಕಬ್ಬು ಹಣ್ಣಾಗಿದೆ ಎಂದು ಹೇಳಿ ಗೆದ್ದಿದ್ದವನು ಅದನ್ನು ಜೇನು ಹಾಕಿ ತಾನೇ ಕಾಯಿ ಮಾಡಿದ್ದ. ನಗುತ್ತಲೇ, ಎಷ್ಟು ಹಾಕಿರಬಹುದು ಎಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಎರಡೂ ರಸದ ಅಳತೆ ಕೈಯಲ್ಲಿತ್ತು, ಕಷ್ಟವೇನಿರಲಿಲ್ಲ. ಅರ್ಧ ಲೀಟರಿನ ಸೀಸೆಗೆ ಚಹಾ ಕುಡಿಯುವ ಕಪ್ಪಿನಲ್ಲಿ ಅರ್ಧದಷ್ಟು ಜೇನು. ಲೆಕ್ಕ ತಪ್ಪಿರಬೇಕೆಂದು, ಪ್ರಯೋಗಾಲಯದಲ್ಲಿ ಏನನ್ನೂ ಬಾಯಿಗಿಡಬಾರದು ಎಂಬ ನಿಯಮ ಮುರಿದು, ಪುಡಿ ಬೆರೆಸದ ಸೀಸೆಯ ರಸವನ್ನು ಬೆರಳಿನಿಂದ ನೆಕ್ಕಿದೆ. ಹಲ್ಲು ಜುಮ್ಮೆಂದವು.

ಅಲ್ಲಿಗೆ ನಗು ನಿಂತಿತು. ಮೋಸ ಮಾಡುವವನು ಒಂದು ಚಮಚ ಹಾಕುತ್ತಾನೆ, ರುಚಿ ನೋಡುತ್ತಾನೆ, ಸಾಕು ಎನ್ನುತ್ತಾನೆ. ಒಲೆಯ ಮೇಲಿನ ಪಲ್ಯದ ರುಚಿಯನ್ನೂ ನೋಡದೆ ಬಿಡದ ಅಪ್ಪ ಇದರ ರುಚಿ ನೋಡದೆ ಇರುತ್ತಾನೆಯೇ? ನೋಡಿದ್ದಾನೆ. ಏನೂ ಗೊತ್ತಾಗಿಲ್ಲ, ಇನ್ನಷ್ಟು ಹಾಕಿದ್ದಾನೆ. ಆಗ ಒಂದೊಂದೇ ನೆನಪಾದವು. ಆ ವರ್ಷ ಹೋಳಿಗೆ ಬಡಿಸಿದಾಗ ಅವನು ಮೊದಲು ನಮ್ಮ ಮುಖ ನೋಡಿ ಆಮೇಲೆ ಚಲೋ ಆಗಿದೆ ಎನ್ನುತ್ತಿದ್ದ. ಸಕ್ಕರೆ ಹಾಕಲು ಮರೆತ ಚಹಾವನ್ನು ಗೊಣಗದೆ ಕುಡಿದು ಎದ್ದಿದ್ದ. ವಯಸ್ಸಾಗಿ ತಣ್ಣಗಾದ ಎಂದು ಅವ್ವ ಖುಷಿಪಟ್ಟಿದ್ದಳು.

ಬಾಗಿಲಿಗೆ ಹೋಗಿ ಅಪ್ಪನನ್ನೊಬ್ಬನನ್ನೇ ಕರೆದೆ.

"ಅಪ್ಪಾ, ಜೇನ ಯಾಕ ಹಾಕಿದಿ?"

ಅವನು ಯಂತ್ರವನ್ನು ನೋಡಿದ, ನನ್ನನ್ನು ನೋಡಿದ. "ದುರ್ಬೀನಿನ್ಯಾಗ ಜೇನೂ ಕಾಣತೈತೇನ?"

"ಕಾಣತೈತಿ. ಎಡಕ್ಕ ತಿರಗತೈತಿ."

"ಸಕ್ಕರಿ ಹಾಕಾಂವ ಇದ್ದೆ, ಯವ್ವಾ," ಎಂದ ತಲೆ ಕೆರೆದುಕೊಳ್ಳುತ್ತ. "ಸಕ್ಕರಿ ಫ್ಯಾಕ್ಟರಿ ಮಿಷನ್, ಸಕ್ಕರಿ ಹಾಕಿದ್ರ ಹಿಡದ ಬಿಡತೈತಿ ಅಂತ ಜೇನ ಹಾಕಿದೆ."

ಸಕ್ಕರೆ ಹಾಕಿದ್ದರೆ ಯಂತ್ರ ಅದನ್ನು ಕಬ್ಬಿನದೇ ಎಂದು ನಂಬುತ್ತಿತ್ತು ಎಂದು ನಾನು ಅವನಿಗೆ ಹೇಳಲಿಲ್ಲ. ಇಂದಿಗೂ ಹೇಳಿಲ್ಲ.

"ನಾಲಿಗಿ ಯಾವಾಗ ಹೋತು?" ಎಂದೆ.

ಅಪ್ಪ ಸ್ಟೂಲಿನ ಮೇಲೆ ಕುಳಿತ. "ಜ್ವರ ಬಂದು ಹೋತಲ್ಲ, ಆವಾಗಿಂದ. ಖಾರ ಹತ್ತತೈತಿ. ಉಪ್ಪ ಅಷ್ಟಿಷ್ಟ ಹತ್ತತೈತಿ. ಸಿಹಿ ಅನ್ನೂದ ಇಲ್ಲ."

"ಮತ್ತ ಕಾಕಾನ ಕಬ್ಬ ಕಡೀರಿ ಅಂದೆಲ್ಲ?"

"ಎಲಿ ಹಳದಿ ಆಗಿದ್ದು. ಉಗುರಿಲೆ ಬಡದ್ರ ಕಂಚಿನ ಗತೆ ಸಪ್ಪಳ ಬಂತು. ಅಂದಾಜ ಮ್ಯಾಲ ಅಂದೆ. ಆಮ್ಯಾಲ ಅಂಜಿಕಿ ಆತು."

ಅಂದಾಜು ಸರಿಯಾಗಿತ್ತು, ಜೇನು ಹಾಕದಿದ್ದರೆ ಗೆಲ್ಲುತ್ತಿದ್ದೆ ಎಂದು ಹೇಳಿದೆ. ಅವನು ಹಣೆ ಹಣೆ ಬಡಿದುಕೊಂಡ. ಕಾಕಾನಿಗೆ ಕಟ್ಟಿನ ಕಬ್ಬಿನ ಲೆಕ್ಕವನ್ನಷ್ಟೇ ಹೇಳೋಣ, ಉಳಿದದ್ದು ನಮ್ಮಿಬ್ಬರಲ್ಲೇ ಇರಲಿ ಎಂದೂ ಹೇಳಿದೆ. ಅಪ್ಪ ಆಕಾಶ ನೋಡಲಿಲ್ಲ, ನೆಲ ನೋಡಿದ. ಆಮೇಲೆ ಎದ್ದು ಬಾಗಿಲಿಗೆ ಹೋಗಿ ತಾನೇ ಕಾಕಾನನ್ನು ಕರೆದ.

"ದಾದಾ, ಒಳಗ ಬಾ. ನಿನ್ನ ಸೀಸೆದಾಗ ನಾ ಜೇನ ಹಾಕೀನಿ."

ಜೈನರ ಮನೆಯಲ್ಲಿ ಜೇನು ನಿಷಿದ್ಧ. ಕಾಕಾ ಎರಡೂ ಗಲ್ಲ ಮುಟ್ಟಿಕೊಂಡರು. "ನನ್ನ ಕಬ್ಬಿಗಿ ಜೇನ ಹಾಕಿದ್ಯಾ? ಮುತ್ಯಾನ ಕಾಲದಿಂದ ನಮ್ಮ ಮನಿ ಹೊಚ್ಚಲಾ ದಾಟಿಲ್ಲಲೇ ಅದು! ಅದನ್ನ ನನ್ನ ಗಾಡಿ ಮ್ಯಾಲ ಇಟಗೊಂಡ ಬಂದಿ!"

"ನಿನ್ನ ಕಬ್ಬ ಚಲೋ ಐತಿ, ಕಡಸು," ಎಂದ ಅಪ್ಪ. "ಆದ್ರ ಬರೂ ವರ್ಷದಿಂದ ನನ್ನ ಕರೀಬ್ಯಾಡ್ರಿ. ಮಗಳನ್ನ ಕೇಳ್ರಿ. ನನಗ ಸಿಹಿ ಹತ್ತೂದಿಲ್ಲ, ವರ್ಷಾ ಆತು."

ಜಗಳ ಬಿಟ್ಟು ಕಾಕಾ ಅಪ್ಪನ ಹೆಗಲು ಹಿಡಿದರು. "ನನಗರೆ ಹೇಳಬಾರದೇನಲೇ," ಎಂದಷ್ಟೇ ಅಂದರು.

ಕೆಲಸ ಮುಗಿಯಿತು ಎಂದು ನಾನು ಕೊಳವೆ ತೊಳೆಯಲು ಹೊರಟೆ. ಅಪ್ಪ ಹೊರಡಲಿಲ್ಲ. ಮೂಲೆಯಲ್ಲಿದ್ದ ನಮ್ಮ ಹೊಲದ ಕಟ್ಟನ್ನು ಕಾಲಿನಿಂದ ನನ್ನ ಕಡೆಗೆ ಸರಿಸಿದ.

"ನಮ್ಮದೂ ಒಂದ ನೋಡ, ಯವ್ವಾ," ಎಂದ. ದನಿ ಬಹಳ ಸಣ್ಣದಾಗಿತ್ತು. "ಹೊಳಿ ದಂಡಿ ಹೊಲಕ್ಕ ಸವಳ ಏರಿ, ಮಣ್ಣ ಉಪ್ಪಾಗಿ ಅವರ ಕಬ್ಬ ಸಪ್ಪಗ ಆಗ್ಯಾವ ಅಂತಾರ. ನಮ್ಮ ಹೊಲಕ್ಕೂ ಬಂದೈತೊ ಏನೊ. ದಿನಾ ಒಂದ ಕಬ್ಬ ಅಗೀತೀನಿ, ತಿಳೀವಲ್ದು. ಯಾರನ್ನ ಕೇಳಲಿ? ಕೇಳಿದ್ರ ನಾಲಿಗಿ ಹೋದದ್ದ ಗೊತ್ತ ಆಗತೈತಿ."

ಒಂದು ವರ್ಷ ಅವನು ಆ ಹೊಲದಲ್ಲಿ ಒಬ್ಬನೇ ನಿಂತು ಕಬ್ಬು ಅಗಿದಿದ್ದ. ನಮ್ಮ ಕಬ್ಬನ್ನು ಹಿಂಡಿದೆ, ಸೋಸಿದೆ, ಕೊಳವೆ ತುಂಬಿದೆ. ಅವನನ್ನೇ ಕಿಂಡಿಯ ಮುಂದೆ ಕೂರಿಸಿದೆ. ಜ್ವರದಿಂದ ಸೆಟೆದುಕೊಂಡ ಅವನ ಬೆರಳುಗಳನ್ನು ಗುಂಡಿಯ ಮೇಲೆ ಇಟ್ಟು, ಎರಡೂ ಹೋಳು ಒಂದೇ ಆಗುವ ತನಕ ತಿರುಗಿಸು ಎಂದೆ. ಅಪ್ಪ ಉಸಿರು ಬಿಗಿಹಿಡಿದು ತಿರುಗಿಸಿದ, ಮುಂದೆ ಹೋದ, ಹಿಂದೆ ಬಂದ.

"ಸಮ ಆತ ನೋಡ."

ಪಟ್ಟಿ ಓದಿದೆ. ಕೆಲಸಕ್ಕೆ ಸೇರಿದ ವರ್ಷ ನಾನು ಮೊಟ್ಟಮೊದಲು ಪರೀಕ್ಷೆ ಮಾಡಿದ್ದು ನಮ್ಮ ಮನೆಯ ಕಬ್ಬನ್ನೇ, ಅದರ ಅಂಕಿ ನನಗೆ ಬಾಯಿಪಾಠವಿತ್ತು. ಇದು ಅದಕ್ಕಿಂತ ಒಂದು ಕೂದಲೆಳೆ ಹೆಚ್ಚೇ ಇತ್ತು.

"ಮೊದಲಿನಷ್ಟ ಐತಿ ಅಪ್ಪಾ. ಚೂರು ಹೆಚ್ಚ ಐತಿ."

"ಹಂಗಾರ ಇದೇನ ಕಾಣಾಕತ್ತೈತಿ, ಇದು ನಮ್ಮ ಕಬ್ಬಿನ ಸಿಹಿ?"

"ಹೂಂ."

"ಕಬ್ಬ ಕೆಟ್ಟಿಲ್ಲ, ದಾದಾ!" ಎಂದು ಕೂಗಿದ ಅಪ್ಪ, ಕಿಂಡಿಯಿಂದ ಕಣ್ಣು ತೆಗೆಯದೆ. "ಮಣ್ಣ ಕೆಟ್ಟಿಲ್ಲ. ನಾ ಒಬ್ಬಾಂವ ಅಷ್ಟ ಕೆಟ್ಟೀನಿ!"

ಅಷ್ಟು ಸಂತೋಷದಿಂದ ಅವನು ಆ ಮಾತು ಹೇಳಿದ್ದು ನನಗೆ ತಡೆಯಲಾಗಲಿಲ್ಲ, ಅವನ ಬೆನ್ನ ಹಿಂದೆ ನಿಂತು ಅತ್ತುಬಿಟ್ಟೆ. ಮೇಜಿನ ಮೇಲೆ ಕಾರ್ಖಾನೆಯ ಸ್ಯಾಂಪಲ್ಲುಗಳು ಸಾಲಾಗಿ ಕಾಯುತ್ತಿದ್ದವು. ಅಪ್ಪ ನೋಡುತ್ತಲೇ ಇದ್ದ. ನಾನು ಅವನಿಗೆ ಏಳು ಎನ್ನಲಿಲ್ಲ.